ಉಸಿರು ಕುಂಟಿದ್ರೆ ಎದೆ ಓಡುತ್ತೆ

ರಾಗಿ ಒಕ್ಕಣೆ ಮುಗೀತು. ಎಕರೆಗೆ ಎಷ್ಟು ಬಂತು, ಹುಲ್ಲು ಎಷ್ಟಾಯ್ತು ಅನ್ನೋ ಲೆಕ್ಕ ಮುಂದಿನ ವಾರ ಬರೀತೀನಿ. ಈ ಸಲದ ಟಿಪ್ಪಣಿ ಬೆಳೆ ಬಗ್ಗೆ ಅಲ್ಲ. ಒಕ್ಕಣೆ ಕಾಲದಲ್ಲಿ, ಮಾಗಿ ಚಳಿಯಲ್ಲಿ, ನಮ್ಮ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ರಾತ್ರಿ ಹೊತ್ತು ಕೇಳೋ ಒಂದು ಸದ್ದಿನ ಬಗ್ಗೆ. ಮಲಗಿರೋ ಮಗುವಿನ ಎದೆಯಿಂದ ಬರೋ ಸುಂಯ್ ಅನ್ನೋ ಸದ್ದು. ನಮ್ಮ ಹಿರಿಯರು ಇದನ್ನ ಗೂರಲು ಅಂದ್ರು, ಉಬ್ಬಸ ಅಂದ್ರು. ಉತ್ತರ ಕರ್ನಾಟಕದವರು ದಮ್ಮು ಅಂತಾರೆ. ಆಸ್ಪತ್ರೆ ಚೀಟಿಯಲ್ಲಿ ಅಸ್ತಮಾ ಅಂತ ಇರುತ್ತೆ.

ಕೃಷಿ ಪುಟದಲ್ಲಿ ಇದ್ಯಾಕೆ ಅಂತ ಕೇಳಬಹುದು. ಎರಡು ಕಾರಣ. ಒಂದು, ಕಣದ ಧೂಳು, ಕೊಬ್ಬರಿ ಅಟ್ಟದ ಬೂಷ್ಟು, ಸೌದೆ ಒಲೆ ಹೊಗೆ, ಬೇಲಿ ಸಾಲಿನ ಕಾಂಗ್ರೆಸ್ ಗಿಡ, ಇವೆಲ್ಲದರ ಮಧ್ಯೆ ಬೆಳೆಯೋದು ನಮ್ಮ ಮಕ್ಕಳೇ. ಎರಡನೇದು, ಐದನೇ ವಯಸ್ಸಿನಿಂದ ಹದಿನಾಲ್ಕರವರೆಗೆ ಆ ಸದ್ದು ನನ್ನ ಎದೆಯಿಂದಲೇ ಬರ್ತಿತ್ತು. ನಾನು ಡಾಕ್ಟರಲ್ಲ, ಎಸ್ಸೆಸ್ಸೆಲ್ಸಿ ಓದಿದ ರೈತ. ಆದರೆ ಈ ಕಾಯಿಲೆ ಜೊತೆ ಐವತ್ತು ವರ್ಷದ ನಂಟು ಐತೆ. ಅದರ ಬಗ್ಗೆ ಕೇಳಿ, ಓದಿ, ತಿಳಿದವರ ಹತ್ತಿರ ಕೂತು ಅರ್ಥ ಮಾಡ್ಕೊಂಡಿದ್ದನ್ನ ಬರೀತಿದ್ದೀನಿ.

ನನ್ನ ನೆನಪಿನಲ್ಲಿ ಉಳಿದಿರೋದು ಉಸಿರಿಗಿಂತ ಹೆಚ್ಚಾಗಿ ಎದೆ ಬಡಿತ. ಕೆಮ್ಮು ಶುರುವಾಗ್ತಿದ್ದದ್ದು ನಡುರಾತ್ರಿ ದಾಟಿದ ಮೇಲೆ. ಮಲಗಿದ್ರೆ ಆಗ್ತಿರಲಿಲ್ಲ. ಅವ್ವ ನನ್ನನ್ನ ರಾಗಿ ಮೂಟೆಗೆ ಒರಗಿಸಿ ಕೂರಿಸೋಳು. ಕೂತ್ರೆ ಭುಜ ಮೇಲೆ ಕೆಳಗೆ ಆಡೋದು, ಕತ್ತಿನ ಬುಡ ಗುಳಿ ಬೀಳೋದು, ಪಕ್ಕೆ ಒಳಗೆ ಎಳೆಯೋದು. ಆ ಹೊತ್ತಿನಲ್ಲಿ ಕಿವಿಯೊಳಗೆ ನನ್ನದೇ ಗುಂಡಿಗೆ ಸದ್ದು ಡಬಡಬ ಅಂತ ಕೇಳೋದು. ಅವ್ವ ಎದೆ ಮೇಲೆ ಕೈ ಇಟ್ಟು, "ಗುಬ್ಬಚ್ಚಿ ಹಿಡ್ಕೊಂಡಂಗೆ ಹೊಡ್ಕೊಳ್ತೈತಲ್ಲಪ್ಪ" ಅನ್ನೋಳು. ಊರಲ್ಲಿ ಮಾತು ಬೇರೆ ಥರ ಹೋಯ್ತು. "ಆ ಹುಡುಗಂದು ಎದೆ ವೀಕು" ಅಂತ. ಕೆರೆಗೆ ಇಳಿಯಂಗಿಲ್ಲ, ಕಬಡ್ಡಿಗೆ ಸೇರಿಸ್ಕೊಳ್ಳಂಗಿಲ್ಲ. ಗೂರಲು ಅಂದ್ರೆ ಗುಂಡಿಗೆ ರೋಗ ಅನ್ನೋ ಹಂಗೆ ನಮ್ಮೂರಿನಲ್ಲಿ ಎರಡನ್ನೂ ಒಂದೇ ಗಂಟಿಗೆ ಕಟ್ಟಿಬಿಟ್ಟಿದ್ರು.

ಇವತ್ತಿಗೂ ಆ ಗಂಟು ಪೂರ್ತಿ ಬಿಚ್ಚಿಲ್ಲ. ಅದನ್ನ ಬಿಚ್ಚೋಕೇ ಈ ಟಿಪ್ಪಣಿ.

ಮೊದಲು ಉಸಿರಿನ ಲೆಕ್ಕ. ತೋಟಕ್ಕೆ ಹೋಗಿ ಒಂದು ಪಪ್ಪಾಯಿ ಎಲೆ ದಂಟು ಮುರ್ಕೊಳ್ಳಿ. ಒಳಗೆ ಟೊಳ್ಳಿರುತ್ತೆ, ಚಿಕ್ಕವರಿದ್ದಾಗ ಅದರಲ್ಲಿ ಪೀಪಿ ಊದಿರ್ತೀರಿ. ಹಾಲು ಒರೆಸಿ, ಮೂಗು ಮುಚ್ಕೊಂಡು ಅದರೊಳಗೇ ಒಂದು ನಿಮಿಷ ಉಸಿರಾಡಿ ನೋಡಿ. (ಗೂರಲು ಇರೋರು, ಬಿಪಿ ಇರೋರು ಮಾಡಬೇಡಿ.) ಮೊದಲ ನಾಲ್ಕೈದು ಉಸಿರು ಪರವಾಗಿಲ್ಲ. ಆಮೇಲೆ ಎದೆ ತುಂಬಿದಂಗೇ ಇರುತ್ತೆ, ಖಾಲಿ ಆಗಲ್ಲ. ಅಸ್ತಮಾ ಇರೋ ಮಗು ಆ ದಂಟಿನೊಳಗೆ ರಾತ್ರಿಯೆಲ್ಲ ಉಸಿರಾಡುತ್ತೆ.

ಆಗೋದು ಮೂರು ಕೆಲಸ. ಶ್ವಾಸನಾಳದ ಒಳಗೋಡೆ ಊದ್ಕೊಳ್ಳುತ್ತೆ. ಅದರ ಸುತ್ತ ಇರೋ ಮಾಂಸದ ಪಟ್ಟಿ ಹಿಂಡುತ್ತೆ. ಒಳಗೆ ಅಂಟು ಕಫ ತುಂಬುತ್ತೆ. ನಾವು ಉಸಿರು ಎಳ್ಕೊಂಡಾಗ ಎದೆ ಹಿಗ್ಗುತ್ತೆ, ಅದರ ಜೊತೆ ನಾಳಗಳೂ ಸ್ವಲ್ಪ ಹಿಗ್ಗುತ್ತವೆ. ಬಿಡುವಾಗ ಎಲ್ಲ ಕುಗ್ಗುತ್ತೆ. ಅದಕ್ಕೇ ಗೂರಲಲ್ಲಿ ಗಾಳಿ ಒಳಗೆ ಹೋಗೋದಕ್ಕಿಂತ ಹೊರಗೆ ಬರೋದು ಕಷ್ಟ. ಆ ಸುಂಯ್ ಸದ್ದು ಜಾಸ್ತಿ ಕೇಳೋದೂ ಬಿಡುವಾಗಲೇ. ಹಳೇ ಗಾಳಿ ಹೊರಗೆ ಹೋಗದೆ ಹೊಸದಕ್ಕೆ ಜಾಗ ಎಲ್ಲಿ? ಕುಲುಮೆ ತಿದಿ ಊದಿದಂಗೇ ನಿಂತುಬಿಟ್ರೆ ಬೆಂಕಿಗೆ ಗಾಳಿ ಬೀಳಲ್ಲವಲ್ಲ, ಹಂಗೆ.

ಈಗ ಗುಂಡಿಗೆ ವಿಷಯ. ಪುಪ್ಪುಸಕ್ಕೆ ಗಾಳಿ ಕಮ್ಮಿ ಆದಾಗ ರಕ್ತಕ್ಕೆ ಸಿಗೋ ಆಮ್ಲಜನಕ ಕಮ್ಮಿ ಆಗುತ್ತೆ. ಉಸಿರಾಡೋದೇ ಒಂದು ದೊಡ್ಡ ಕೂಲಿ ಕೆಲಸ ಆಗುತ್ತೆ. ಮಗುವಿಗೆ ಭಯ ಬೇರೆ. ದೇಹ ಅಡ್ರಿನಲಿನ್ ಅನ್ನೋ ರಸ ಬಿಡುತ್ತೆ. ಇದ್ದ ಆಮ್ಲಜನಕವನ್ನೇ ಬೇಗ ಬೇಗ ಹಂಚೋಕೆ ಗುಂಡಿಗೆ ಓಡುತ್ತೆ. ಎತ್ತಿನ ಜೋಡಿಯಲ್ಲಿ ಒಂದು ಕುಂಟಿದ್ರೆ ಇನ್ನೊಂದು ಎಳೆಯೋದು ನೋಡಿದೀರಲ್ಲ, ಇದೂ ಅದೇ. ಎಳೀತಿರೋ ಎತ್ತನ್ನ ನೋಡಿ ರೋಗದ ಎತ್ತು ಅಂದ್ರೆ ಹೆಂಗೆ? ಕುಂಟ್ತಿರೋದು ಪಕ್ಕದ್ದು. ಗೂರಲು ಬಂದ ಮಗುವಿನ ಎದೆ ಬಡಿತ ಬಹುಪಾಲು ಇದೇ.

ಇನ್ನೊಂದು ವಿಷಯ ನನಗೆ ನಲವತ್ತು ದಾಟಿದ ಮೇಲೆ ಗೊತ್ತಾಗಿದ್ದು. ಆರೋಗ್ಯವಾಗಿರೋ ಗುಂಡಿಗೆ ಕೂಡ ಗಡಿಯಾರದ ಥರ ಒಂದೇ ಸಮ ಹೊಡಿಯಲ್ಲ. ಈಗಲೇ ಮಣಿಕಟ್ಟಿನ ಹತ್ರ, ಹೆಬ್ಬೆರಳ ಬುಡದ ಕಡೆ, ಎರಡು ಬೆರಳಿಟ್ಟು ನಾಡಿ ಹಿಡೀರಿ. ನಿಧಾನವಾಗಿ ಉಸಿರು ಎಳ್ಕೊಳ್ಳಿ, ನಿಧಾನವಾಗಿ ಬಿಡಿ. ಎಳ್ಕೊಂಡಾಗ ಬಡಿತ ಸ್ವಲ್ಪ ಬೇಗ, ಬಿಟ್ಟಾಗ ಸ್ವಲ್ಪ ನಿಧಾನ. 1847ರಲ್ಲಿ ಜರ್ಮನಿಯ ಕಾರ್ಲ್ ಲುಡ್ವಿಗ್ ಇದನ್ನ ಯಂತ್ರದಲ್ಲಿ ಗೆರೆ ಎಳೆಸಿ ತೋರಿಸಿದ್ರು. ಮಕ್ಕಳಲ್ಲಿ ಈ ಏರಿಳಿತ ಜೋರಾಗಿರುತ್ತೆ, ನಮ್ಮ ವಯಸ್ಸಿಗೆ ಬರೋ ಹೊತ್ತಿಗೆ ಕಮ್ಮಿ ಆಗುತ್ತೆ. ಆರಾಮಾಗಿ ಮಲಗಿರೋ ಮಗುವಿನ ನಾಡಿ ಉಸಿರಿನ ಜೊತೆ ಒಮ್ಮೆ ಬೇಗ ಒಮ್ಮೆ ನಿಧಾನ ಆಡಿದ್ರೆ ಗಾಬರಿ ಬೇಡ. ಅದು ಉಸಿರೂ ಗುಂಡಿಗೆಯೂ ಮಾತಾಡ್ಕೊಳ್ಳೋ ರೀತಿ.

ಆ ಮಾತುಕತೆ ನಡೆಸೋದು ವೇಗಸ್ ಅನ್ನೋ ನರ. ಮೆದುಳಿನ ಬುಡದಿಂದ ಹೊರಟು, ಕತ್ತಿನ ಮೂಲಕ ಇಳಿದು, ಗುಂಡಿಗೆಗೆ ಒಂದು ಕವಲು, ಶ್ವಾಸಕೋಶಕ್ಕೆ ಒಂದು ಕವಲು, ಹೊಟ್ಟೆವರೆಗೂ ಹೋಗುತ್ತೆ. ಒಂದೇ ಕಾಲುವೆಯಿಂದ ಮೂರು ಗದ್ದೆಗೆ ನೀರು ಬಿಟ್ಟಂಗೆ. ಈ ನರ ಗುಂಡಿಗೆಯನ್ನ ನಿಧಾನ ಮಾಡುತ್ತೆ, ಶ್ವಾಸನಾಳವನ್ನ ಬಿಗಿ ಮಾಡುತ್ತೆ. ರಾತ್ರಿ ನಿದ್ದೆಯಲ್ಲಿ ಅದರ ಹಿಡಿತ ಜಾಸ್ತಿ, ಅಡ್ರಿನಲಿನ್ ಕಮ್ಮಿ. ಗೂರಲು ಬೆಳಗಿನ ಜಾವ ಜೋರಾಗೋಕೆ ಇದೂ ಒಂದು ಕಾರಣ. ನಡುರಾತ್ರಿ ದಾಟಿದ ಮೇಲೆ ಅವ್ವನ ನಿದ್ದೆ ಯಾಕೆ ಹಾಳಾಗ್ತಿತ್ತು ಅಂತ ನನಗೆ ಆಗ ಅರ್ಥ ಆಯ್ತು.

ಅಡ್ರಿನಲಿನ್ ಕೆಲಸ ಇದಕ್ಕೆ ಉಲ್ಟಾ. ಶ್ವಾಸನಾಳ ಬಿಚ್ಚುತ್ತೆ, ಗುಂಡಿಗೆ ಓಡಿಸುತ್ತೆ. ಒಂದೇ ಬೀಗದ ಕೈ, ಎರಡು ಬೀಗ. ಔಷಧಿಗಳ ಕಥೆಯೆಲ್ಲ ಈ ಎರಡು ಬೀಗದ ಕಥೆ. ಅದು ಗೊತ್ತಾದ್ರೆ ಪಫ್ ಬಗ್ಗೆ ಇರೋ ಭಯ ಅರ್ಧ ಹೋಗುತ್ತೆ.

ನಮ್ಮಜ್ಜಿ ಗೂರಲು ಬಂದಾಗ ಹಾಲು ಹಾಕದ ಗಟ್ಟಿ ಕಾಫಿ ಕೊಡೋಳು. ಅದು ಬರೀ ಅಜ್ಜಿ ಮದ್ದಲ್ಲ. 1860ರಲ್ಲಿ ಲಂಡನ್ನಿನ ಹೆನ್ರಿ ಹೈಡ್ ಸಾಲ್ಟರ್ ಅನ್ನೋ ಡಾಕ್ಟರು, ತಾವೂ ಅಸ್ತಮಾ ರೋಗಿಯೇ, ತಮ್ಮ ಪುಸ್ತಕದಲ್ಲಿ ಗಟ್ಟಿ ಕಾಫಿಯನ್ನ ಔಷಧಿ ಅಂತಲೇ ಬರೆದಿದ್ರು. ಕಾಫಿಯಲ್ಲಿರೋ ಕೆಫೀನ್ ಮತ್ತು 1888ರಲ್ಲಿ ಚಹಾ ಎಲೆಯಿಂದ ಬೇರ್ಪಡಿಸಿದ ಥಿಯೋಫಿಲಿನ್ ಅಣ್ಣತಮ್ಮಂದಿರಿದ್ದಂಗೆ. ಥಿಯೋಫಿಲಿನ್ ಮಾತ್ರೆ, ಇಂಜೆಕ್ಷನ್ ನಮ್ಮ ಕಾಲದಲ್ಲಿ ಎಲ್ಲ ಕಡೆ ಕೊಡ್ತಿದ್ರು. ಕೆಲಸ ಮಾಡುತ್ತೆ, ಆದರೆ ಉಪಯೋಗದ ಅಳತೆಗೂ ಅಪಾಯದ ಅಳತೆಗೂ ಅಂತರ ಬಹಳ ಕಮ್ಮಿ. ಜಾಸ್ತಿ ಆದ್ರೆ ವಾಂತಿ, ಎದೆ ಬಡಿತ, ತಾಳ ತಪ್ಪೋದು. ಕಾಫಿಯನ್ನ ಈಗ ಔಷಧಿ ಅಂತ ನಂಬ್ಕೊಂಡು ಕೂರಬೇಡಿ, ಕಥೆಗೋಸ್ಕರ ಹೇಳಿದೆ.

ಅಡ್ರಿನಲಿನ್ನನ್ನ 1901ರಲ್ಲಿ ಜಪಾನಿನ ತಾಕಾಮಿನೆ ಶುದ್ಧ ರೂಪದಲ್ಲಿ ಬೇರ್ಪಡಿಸಿದ್ರು. ನನಗೆ ಚಿಕ್ಕಂದಿನಲ್ಲಿ ತೋಳಿಗೆ ಒಂದು ಸಣ್ಣ ಸೂಜಿ ಹಾಕ್ತಿದ್ರು. ಐದು ನಿಮಿಷದಲ್ಲಿ ಉಸಿರು ಬಿಡ್ತಿತ್ತು, ಆದರೆ ಕೈ ನಡುಗಿ, ಮುಖ ಬಿಳಿಚಿ, ಗುಂಡಿಗೆ ಗಂಟಲಿಗೆ ಬಂದಂಗೆ ಆಗ್ತಿತ್ತು. ಅದು ಅಡ್ರಿನಲಿನ್ನೇ ಇರಬೇಕು ಅಂತ ಆಮೇಲೆ ಒಬ್ಬ ಡಾಕ್ಟರು ಹೇಳಿದ್ರು. ಎರಡೂ ಬೀಗ ಒಟ್ಟಿಗೆ ತೆಗೆಯೋ ಕೈ ಅದು.

1955ರಲ್ಲಿ ಅಮೆರಿಕದಲ್ಲಿ ಔಷಧಿ ಕಂಪನಿಯ ಮುಖ್ಯಸ್ಥರೊಬ್ಬರ 13 ವರ್ಷದ ಮಗಳು, ಅಸ್ತಮಾ ಇದ್ದವಳು, "ಸೆಂಟ್ ಬಾಟಲಿ ಥರ ನನ್ನ ಔಷಧಿನೂ ಪುಸ್ ಅಂತ ಯಾಕೆ ಹೊಡೆಯೋಕಾಗಲ್ಲ?" ಅನ್ನೋ ಅರ್ಥದಲ್ಲಿ ಅಪ್ಪನನ್ನ ಕೇಳಿದಳಂತೆ. 1956ಕ್ಕೆ ಇವತ್ತಿನ ಇನ್‌ಹೇಲರ್ ಮಾರುಕಟ್ಟೆಗೆ ಬಂತು. ಅದರಲ್ಲಿ ಮೊದಲು ಇದ್ದ ಔಷಧಿಗಳು ಎರಡೂ ಬೀಗದವೇ. 1960ರ ದಶಕದಲ್ಲಿ ಬ್ರಿಟನ್ ಮುಂತಾದ ಕಡೆ ಅಸ್ತಮಾ ಸಾವುಗಳು ಏರಿದಾಗ ಐಸೋಪ್ರಿನಲಿನ್ ಅನ್ನೋ ಔಷಧಿಯ ಬಹಳ ಗಟ್ಟಿ ಪಫ್ ಮೇಲೆ ಅನುಮಾನ ಬಂತು. ಪಫ್ ಅಂದ್ರೆ ಗುಂಡಿಗೆಗೆ ಕೆಟ್ಟದ್ದು ಅನ್ನೋ ಹೆದರಿಕೆಗೆ ಒಂದು ಹಳೇ ಬೇರು ಇಲ್ಲಿದೆ. 1969ರಲ್ಲಿ ಸಾಲ್ಬುಟಮಾಲ್ ಬಂತು. ಇದು ಮುಖ್ಯವಾಗಿ ಶ್ವಾಸನಾಳದ ಬೀಗಕ್ಕೇ ಅರ ಹಾಕಿ ಮಾಡಿದ ಕೈ. ಗುಂಡಿಗೆ ಬೀಗಕ್ಕೂ ಸ್ವಲ್ಪ ತಾಗುತ್ತೆ, ಅದಕ್ಕೇ ಪಫ್ ಆದ ಮೇಲೆ ಎದೆ ಹೊಡ್ಕೊಳ್ಳೋದು, ಕೈ ನಡುಗೋದು. ಸ್ವಲ್ಪ ಹೊತ್ತಿಗೆ ಇಳಿಯುತ್ತೆ.

ಇಲ್ಲಿ ಒಂದು ಲೆಕ್ಕ ಹಾಕಿ. ಒಂದು ಪಫ್‌ನಲ್ಲಿ ಇರೋದು 100 ಮೈಕ್ರೋಗ್ರಾಂ. ಅದೇ ಸಾಲ್ಬುಟಮಾಲ್ ಮಾತ್ರೆ 2 ಮಿಲಿಗ್ರಾಂ ಅಂದ್ರೆ 2000 ಮೈಕ್ರೋಗ್ರಾಂ. 4 ಮಿಲಿಗ್ರಾಂ ಅಂದ್ರೆ 4000. ಒಂದು ಮಾತ್ರೆ 20 ಪಫ್‌ಗೆ, ಇಲ್ಲಾ 40 ಪಫ್‌ಗೆ ಸಮ. ಮಾತ್ರೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಊರೆಲ್ಲ ಸುತ್ತಿ ಶ್ವಾಸಕೋಶಕ್ಕೆ ಬರಬೇಕು. ಪಫ್ ನೇರ ಬೇರಿಗೇ ಬೀಳುತ್ತೆ. ಡ್ರಿಪ್ ಹಾಕಿದೋರಿಗೆ ನಾನು ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ನಮ್ಮ ಜನ "ಪಫ್ ಸ್ಟ್ರಾಂಗು, ಮಾತ್ರೆ ಮೈಲ್ಡು" ಅಂತ ಮಾತ್ರೆ, ಸಿರಪ್ಪು ಕೇಳಿ ಈಸ್ಕೊಂಡು ಬರ್ತಾರೆ.

ಈ ಜನವರಿಯಲ್ಲಿ ನಮ್ಮ ಪಕ್ಕದ ತೋಟದ ಮನೆಯಲ್ಲಿ ಇದೇ ಆಯ್ತು. ಹುಡುಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಎರಡು ವರ್ಷದಿಂದ ಗೂರಲು. ಡಾಕ್ಟರು ಎರಡು ಇನ್‌ಹೇಲರ್ ಬರೆದಿದ್ರು. ಒಂದು ದಿನಾ ಹೊಡೆಯೋದು, ಒಂದು ಕಷ್ಟ ಬಂದಾಗ ಹೊಡೆಯೋದು. ಸಂಕ್ರಾಂತಿ ಆದ ವಾರ ಅವರ ಕಣದಲ್ಲಿ ಒಕ್ಕಣೆ. ಹುಡುಗನ ತಾಯಿ ಬೇಲಿ ಹತ್ರ ಸಿಕ್ಕಿದಾಗ ಹೇಳಿದ್ಲು.

"ಅಣ್ಣ, ಪಫ್ ಹೊಡೆದ್ರೆ ಎದೆ ಡಬಡಬ ಅಂತೈತೆ ಅಂತಾನೆ ಕಣಣ್ಣ. ನಾವು ಎರಡನ್ನೂ ನಿಲ್ಲಿಸಿಬಿಟ್ಟಿದ್ದೀವಿ. ಹಾರ್ಟಿಗೆ ಏನಾರ ಆದ್ರೆ ಯಾರು ದಿಕ್ಕು?"

ಬೇಲಿ ಪಕ್ಕದಲ್ಲೇ ನಿಂತು ಮೇಲೆ ಬರೆದಿದ್ದನ್ನೆಲ್ಲ ಹೇಳಿದೆ. ಅಸ್ತಮಾ ಇಲ್ಲದ ಹೊತ್ತಲ್ಲೂ ಎದೆ ಹೊಡ್ಕೊಂಡ್ರೆ ಇಸಿಜಿ ಮಾಡಿಸವ್ವ, ಅಲ್ಲಿವರೆಗೂ ಉಸಿರಿನ ಔಷಧಿ ನಿಲ್ಲಿಸಬೇಡ ಅಂದೆ. ತಲೆ ಆಡಿಸಿದ್ಲು. ಮನೆಯಲ್ಲಿ ಅತ್ತೆ, ಗಂಡ ಇದಾರಲ್ಲ, ಒಂದು ದಿನಕ್ಕೆ ತೀರ್ಮಾನ ಆಗೋ ವಿಷಯ ಅಲ್ಲ.

ಮೂರನೇ ರಾತ್ರಿ ಎರಡು ಗಂಟೆಗೆ ಫೋನು. ಹೋಗಿ ನೋಡ್ತೀನಿ, ಹುಡುಗ ಮಂಚದ ಅಂಚಿಗೆ ಎರಡೂ ಕೈ ಊರಿ ಮುಂದಕ್ಕೆ ಬಾಗಿ ಕೂತವ್ನೆ. ಹೆಸರು ಹಿಡಿದು ಕರೆದ್ರೆ ಒಂದು ಪದ, ಆಮೇಲೆ ಉಸಿರು, ಮತ್ತೊಂದು ಪದ. ಬನಿಯನ್ ಎತ್ತಿ ಹೊಟ್ಟೆ ನೋಡ್ಕೊಂಡು ಗಡಿಯಾರ ಹಿಡಿದೆ. ನಿಮಿಷಕ್ಕೆ 44 ಉಸಿರು. ನಾಡಿ 140ರ ಮೇಲೆ, ಎಣಿಸೋಕೇ ಕಷ್ಟ. ಇನ್ನೊಂದು ಕಂಡೆ. ಉಸಿರು ಎಳ್ಕೊಂಡಾಗ ನಾಡಿ ಬೆರಳಿಗೆ ಸಿಕ್ಕೂ ಸಿಗದಂಗೆ ಮೆತ್ತಗಾಗ್ತಿತ್ತು, ಬಿಟ್ಟಾಗ ಮತ್ತೆ ಬರ್ತಿತ್ತು. ಎದೆಯೊಳಗೆ ಗಾಳಿ ಸಿಕ್ಕಿ ಒತ್ತಡ ವಿಪರೀತ ಏರಿಳಿದಾಗ, ಉಸಿರು ಎಳೆಯೋ ಹೊತ್ತಿಗೆ ಗುಂಡಿಗೆಯಿಂದ ಹೊರಗೆ ಹೋಗೋ ರಕ್ತ ಕಮ್ಮಿ ಆಗುತ್ತೆ. ಅದು ಜೋರು ಅಸ್ತಮಾದ ಗುರುತು.

ಕಷ್ಟಕ್ಕೆ ಹೊಡೆಯೋ ಇನ್‌ಹೇಲರ್ ಬಾಕ್ಸಿನಲ್ಲೇ ಇತ್ತು. ಡಾಕ್ಟರ ಚೀಟಿ ನೋಡ್ಕೊಂಡು, ಸ್ಪೇಸರ್ ಹಾಕಿ, ಒಂದೊಂದೇ ಪಫ್ ಕೊಡ್ತಾ 108ಕ್ಕೆ ಫೋನ್ ಮಾಡಿಸಿದೆ. ಅಷ್ಟರಲ್ಲಿ ಹುಡುಗ ತೂಗಡಿಸೋಕೆ ಶುರು ಮಾಡಿದ. ಅಜ್ಜಿ ಹತ್ರ ಬಂದು ಕಿವಿ ಇಟ್ಟು, "ಸದ್ದು ನಿಂತೈತೆ, ಕಮ್ಮಿ ಆಯ್ತು ಬಿಡು, ಮಲಗ್ಲಿ ಮಗ" ಅಂದ್ರು.

ಇದನ್ನ ದಯವಿಟ್ಟು ಎರಡು ಸಲ ಓದಿ. ಸುಂಯ್ ಸದ್ದು ಬರೋಕೂ ಗಾಳಿ ಓಡಾಡಬೇಕು. ಮಗು ಸುಸ್ತಾಗಿ, ಮಂಪರಾಗಿ, ಸದ್ದು ನಿಂತ್ರೆ ಅದು ವಾಸಿ ಆಗಿದ್ದಲ್ಲ. ಗಾಳಿಯೇ ಓಡ್ತಿಲ್ಲ ಅಂತ ಅರ್ಥ. ಅಂಥ ಹೊತ್ತಲ್ಲಿ ಓಡ್ತಿದ್ದ ನಾಡಿ ನಿಧಾನ ಆದ್ರೂ ಸಮಾಧಾನ ಪಡಬೇಡಿ. ಎಳೀತಿದ್ದ ಎತ್ತೂ ಸೋತಿದೆ ಅಂತ ಅರ್ಥ. ನಿಜವಾಗಿ ವಾಸಿ ಆದ ಮಗು ಮಾತಾಡುತ್ತೆ, ನೀರು ಕೇಳುತ್ತೆ, ಪಕ್ಕೆ ಎಳೆಯೋದು ನಿಲ್ಲುತ್ತೆ.

ಅಜ್ಜಿಗೆ ಎದುರು ಮಾತಾಡೋ ಹೊತ್ತಲ್ಲ ಅದು. "ದೊಡ್ಡಮ್ಮ, ಆಸ್ಪತ್ರೆಗೆ ಹೋಗಿ ಮಲಗಿಸೋಣ" ಅಂದು ಹುಡುಗನನ್ನ ಒರಗಿಸಿ ಹಿಡ್ಕೊಂಡೆ, ಮಲಗಿಸೋಕೆ ಬಿಡಲಿಲ್ಲ. ಗಾಡಿ ಬಂತು, ದಾರಿಯುದ್ದ ಆಕ್ಸಿಜನ್ ಹಾಕಿದ್ರು. ತಾಲ್ಲೂಕು ಆಸ್ಪತ್ರೆಯಲ್ಲಿ ಬೆರಳಿಗೆ ಸಿಕ್ಕಿಸಿದ ಮೀಟರ್ 88 ತೋರಿಸ್ತು. ನೆಬುಲೈಸರ್, ಸ್ಟೀರಾಯ್ಡ್, ಆಕ್ಸಿಜನ್. ತಾಯಿ ಕಣ್ಣು ಮಾತ್ರ ಮಾನಿಟರ್ ಮೇಲೆ. ಗುಂಡಿಗೆ ಬಡಿತ 150 ಅಂತ ಬರ್ತಿದ್ದಂಗೆ, "ನೋಡಣ್ಣ, ಔಷಧಿ ಕೊಟ್ಟ ಮೇಲೆ ಇನ್ನೂ ಜಾಸ್ತಿ ಆಯ್ತು" ಅಂತ ಅತ್ತಳು. ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವಳ ಪಕ್ಕ ಕೂತು, "ಅಮ್ಮ, ಆ ನಂಬರ್ ಬಿಡಿ, ಇದನ್ನ ನೋಡಿ" ಅಂತ ಆಕ್ಸಿಜನ್ ನಂಬರ್ ತೋರಿಸಿದ್ರು. 88 ಇದ್ದದ್ದು 93, ಆಮೇಲೆ 96. ಉಸಿರು 44ರಿಂದ 30ಕ್ಕೆ ಇಳೀತು. ಬೆಳಗ್ಗೆ ಎಂಟಕ್ಕೆ ಹುಡುಗ ಇಡ್ಲಿ ಕೇಳಿದ. ಗುಂಡಿಗೆ ಬಡಿತವೂ ತಾನಾಗೇ ನೂರರ ಹತ್ರಕ್ಕೆ ಬಂದಿತ್ತು. ಆಮೇಲೆ ಇಸಿಜಿಯನ್ನೂ ಮಾಡಿಸಿದ್ರು. ಗುಂಡಿಗೆ ಚೆನ್ನಾಗೈತೆ.

ಈಗ ಆ ಮನೆಯಲ್ಲಿ ಒಂದು ಪುಸ್ತಕ ಇಟ್ಟಿದ್ದೀವಿ. ಡೈರಿಗೆ ಹಾಲು ಹಾಕೋ ಪುಸ್ತಕದ ಥರದ್ದೇ. ಹುಡುಗ ನಿದ್ದೆ ಮಾಡುವಾಗ ಒಂದು ಪೂರ್ತಿ ನಿಮಿಷ ಹೊಟ್ಟೆ ಏರಿಳಿಯೋದನ್ನ ಎಣಿಸಿ ಬರೀತಾರೆ. ಚೆನ್ನಾಗಿರೋ ದಿನ ಎಷ್ಟು ಅಂತ ಗೊತ್ತಿದ್ರೆ ಕೆಟ್ಟ ದಿನ ಗೊತ್ತಾಗುತ್ತೆ. ನೆನಪಿಡೋಕೆ ಇಷ್ಟು ಬರ್ಕೊಳ್ಳಿ. ಐದು ವರ್ಷ ದಾಟಿದ ಮಗುವಿಗೆ ಸುಮ್ಮನೆ ಕೂತಿರುವಾಗ ಉಸಿರು ನಿಮಿಷಕ್ಕೆ 30 ದಾಟಿದ್ರೆ, ನಾಡಿ 125ರ ಆಸುಪಾಸು ದಾಟಿದ್ರೆ, ಒಂದೇ ಉಸಿರಿಗೆ ಒಂದು ವಾಕ್ಯ ಹೇಳೋಕೆ ಆಗದಿದ್ರೆ, ಮೀಟರ್‌ನಲ್ಲಿ ಆಕ್ಸಿಜನ್ 92ಕ್ಕಿಂತ ಕೆಳಗಿದ್ರೆ ಅದು ಜೋರು ಅಸ್ತಮಾ. ಇದರಲ್ಲಿ ಒಂದು ಕಂಡ್ರೂ ಪಫ್ ಕೊಡ್ತಾ ಆಸ್ಪತ್ರೆಗೆ ಹೊರಡಿ. ತುಟಿ ನೀಲಿ, ಮಂಪರು, ಸದ್ದಿಲ್ಲದ ಎದೆ ಕಂಡ್ರೆ ಒಂದು ನಿಮಿಷವೂ ಕಾಯಬೇಡಿ. ಪಫ್ ಕೊಟ್ಟ ಮೇಲೆ ನಾಡಿಯೊಂದನ್ನೇ ನಂಬಬೇಡಿ, ಔಷಧಿಯೇ ಅದನ್ನ ಏರಿಸಿರುತ್ತೆ. ಉಸಿರಿನ ಲೆಕ್ಕ ನೋಡಿ, ಮಾತು ನೋಡಿ, ಪಕ್ಕೆ ನೋಡಿ.

ಸ್ಪೇಸರ್ ಇಲ್ಲದೆ ಮಕ್ಕಳಿಗೆ ಪಫ್ ಹೊಡೆದ್ರೆ ಹೆಚ್ಚಿನ ಪಾಲು ಗಂಟಲಿಗೆ ಬಡಿದು ದಂಡ. ಕೊಳ್ಳೋಕೆ ಆಗದೋರಿಗೆ ಒಂದು ಮಾತು. ದಕ್ಷಿಣ ಆಫ್ರಿಕಾದ ಹೆದರ್ ಝಾರ್ ಅನ್ನೋ ಮಕ್ಕಳ ಡಾಕ್ಟರು ಮತ್ತು ಅವರ ಜೊತೆಗಾರರು 500 ಮಿಲಿಲೀಟರ್ ತಂಪು ಪಾನೀಯದ ಖಾಲಿ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಇನ್‌ಹೇಲರ್ ಬಾಯಿ ಅಳತೆಗೆ ತೂತು ಮಾಡಿ, ಸಂದಿಯಿಲ್ಲದಂಗೆ ಮುಚ್ಚಿ, ಬಾಟಲಿ ಬಾಯಿಂದ ಮಕ್ಕಳಿಗೆ ಉಸಿರು ಎಳೆಸಿ ನೋಡಿದ್ರು. ಅಂಗಡಿ ಸ್ಪೇಸರ್‌ನಷ್ಟೇ ಕೆಲಸ ಮಾಡ್ತು ಅಂತ 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ್ರು. ಮಾಡೋ ಮುಂಚೆ ನಿಮ್ಮ ಡಾಕ್ಟರಿಗೋ ನರ್ಸಮ್ಮನಿಗೋ ತೋರಿಸ್ಕೊಳ್ಳಿ.

ದಿನಾ ಹೊಡೆಯೋ ಇನ್‌ಹೇಲರ್ ಬಗ್ಗೆ ಇನ್ನೂ ಎರಡು ಮಾತು. ಕಷ್ಟಕ್ಕೆ ಹೊಡೆಯೋದು ನಾಳವನ್ನ ಬಿಚ್ಚುತ್ತೆ ಅಷ್ಟೇ, ಒಳಗಿನ ಊತ ಹಂಗೇ ಇರುತ್ತೆ. ಊತ ಇಳಿಸೋದು ದಿನಾ ಹೊಡೆಯೋ ಸ್ಟೀರಾಯ್ಡ್ ಇನ್‌ಹೇಲರ್. 1972ರಿಂದ ಬಳಕೆಯಲ್ಲಿದೆ. ಎದೆ ಡಬಡಬ ಅನ್ನಿಸೋದು ಇದಲ್ಲ. ಸ್ಟೀರಾಯ್ಡ್ ಅಂದ ತಕ್ಷಣ ಹೆದರ್ತಾರೆ. ವರ್ಷಗಟ್ಟಲೆ ತಗೊಂಡ ಮಕ್ಕಳು ದೊಡ್ಡವರಾದಾಗ ಎತ್ತರದಲ್ಲಿ ಒಂದು ಸೆಂಟಿಮೀಟರ್ ಆಸುಪಾಸು ಕಮ್ಮಿ ಇದ್ದದ್ದು ಅಧ್ಯಯನದಲ್ಲಿ ಕಂಡಿದೆ, ಅದನ್ನ ಮುಚ್ಚಿಡಬೇಕಾಗಿಲ್ಲ. ಆ ರಾತ್ರಿಯ 88ರ ಪಕ್ಕದಲ್ಲಿ ಒಂದು ಸೆಂಟಿಮೀಟರ್ ಇಟ್ಟು ನೀವೇ ತೂಗಿ. ಹೊಡೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. 2019ರಿಂದ ಗಿನಾ ಅನ್ನೋ ಜಾಗತಿಕ ಅಸ್ತಮಾ ಮಾರ್ಗಸೂಚಿಯಲ್ಲಿ ದೊಡ್ಡವರಿಗೂ ಹದಿಹರೆಯದವರಿಗೂ ಬರೀ ಸಾಲ್ಬುಟಮಾಲ್ ಮೇಲೇ ದಿನ ದೂಡಬಾರದು ಅಂತ ಐತೆ. ಕಷ್ಟದ ಪಫ್ ಪದೇ ಪದೇ ಬೇಕಾಗ್ತಿದೆ ಅಂದ್ರೆ, ಹೆದರಬೇಕಾದ್ದು ಪಫ್‌ಗೆ ಅಲ್ಲ, ಒಳಗೆ ಉರೀತಿರೋ ಊತಕ್ಕೆ. ಅಳತೆ ಮೀರಿ ಹೊಡ್ಕೊಂಡ್ರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಗುಂಡಿಗೆ ತಾಳ ತಪ್ಪೋದೂ ಉಂಟು. ಆ ಹಂತಕ್ಕೆ ಬರದಂಗೆ ನೋಡ್ಕೊಳ್ಳೋದೇ ದಿನದ ಇನ್‌ಹೇಲರ್ ಕೆಲಸ.

ಚಿಕ್ಕಂದಿನ ಗೂರಲು ದೊಡ್ಡವರಾದ ಮೇಲೆ ಏನಾಗುತ್ತೆ? ಎಷ್ಟೋ ಜನಕ್ಕೆ ಮೀಸೆ ಬರೋ ವಯಸ್ಸಿಗೆ ಹೋಗುತ್ತೆ. ನನಗೂ ಹೋಗಿತ್ತು, ನಲವತ್ತೆರಡಕ್ಕೆ ವಾಪಸ್ ಬಂತು. ನಾರ್ವೆ ದೇಶದಲ್ಲಿ ಸಾವಿರಾರು ಜನರನ್ನ ವರ್ಷಗಟ್ಟಲೆ ಗಮನಿಸಿ 2018ರಲ್ಲಿ ಪ್ರಕಟ ಮಾಡಿದ ಅಧ್ಯಯನದಲ್ಲಿ, ಅಸ್ತಮಾ ಇದ್ದ ದೊಡ್ಡವರಲ್ಲಿ ಗುಂಡಿಗೆ ತಾಳ ತಪ್ಪೋ ಏಟ್ರಿಯಲ್ ಫಿಬ್ರಿಲೇಶನ್ ಸ್ವಲ್ಪ ಹೆಚ್ಚು, ಹತೋಟಿ ತಪ್ಪಿದ ಅಸ್ತಮಾದಲ್ಲಿ ಇನ್ನೂ ಹೆಚ್ಚು ಅಂತ ಕಂಡುಬಂತು. ಉಸಿರನ್ನ ಹತೋಟಿಯಲ್ಲಿ ಇಟ್ಟುಕೊಳ್ಳೋಕೆ ಇದು ಇನ್ನೊಂದು ಕಾರಣ ಅಂತ ನಾನು ತಗೊಂಡಿದ್ದೀನಿ. ನಮ್ಮ ವಯಸ್ಸಿನೋರು ಬಿಪಿ ಮಾತ್ರೆ ಬರೆಸ್ಕೊಳ್ಳುವಾಗ "ನನಗೆ ಚಿಕ್ಕಂದಿನಲ್ಲಿ ಗೂರಲು ಇತ್ತು" ಅಂತ ಮರೀದೆ ಹೇಳಿ. ಪ್ರೊಪ್ರನೊಲಾಲ್ ಥರದ ಬೀಟಾ ಬ್ಲಾಕರ್ ಮಾತ್ರೆಗಳು ಎರಡೂ ಬೀಗಕ್ಕೆ ಅಡ್ಡ ಕೂರ್ತವೆ. ಗುಂಡಿಗೆ ನಿಧಾನ ಆಗುತ್ತೆ, ಜೊತೆಗೆ ಶ್ವಾಸನಾಳವೂ ಬಿಗಿಯುತ್ತೆ. ಗ್ಲಾಕೋಮಾಗೆ ಕಣ್ಣಿಗೆ ಬಿಡೋ ಟಿಮೊಲಾಲ್ ಹನಿಯೂ ಅದೇ ಜಾತಿ. ನಾನು ಹೇಳಿದ ಮೇಲೆ ನಮ್ಮ ಡಾಕ್ಟರು ಬೇರೆ ಮಾತ್ರೆ ಬರೆದ್ರು. ಈಗಾಗಲೇ ತಗೊಳ್ತಿರೋರು ತಾವಾಗೇ ನಿಲ್ಲಿಸಬೇಡಿ, ಹೋಗಿ ಕೇಳಿ.

ಇನ್ನು ನಮ್ಮ ಕೈಲಿರೋದು, ಕಣ ಮತ್ತು ಕೊಟ್ಟಿಗೆ. ದನಕರು ಮಧ್ಯೆ ಬೆಳೆದೋರಿಗೆ ಗೂರಲು ಬರಲ್ಲ ಅಂತ ಕೆಲವರು ವಾದ ಮಾಡ್ತಾರೆ. ಅದರಲ್ಲಿ ಒಂದು ಪಾಲು ಸತ್ಯ ಐತೆ. ಅಮೆರಿಕದಲ್ಲಿ ಅಮಿಶ್, ಹಟ್ಟರೈಟ್ ಅಂತ ಎರಡು ರೈತ ಸಮುದಾಯ. ಮೂಲ, ಊಟ, ಬದುಕು ಹೆಚ್ಚುಕಮ್ಮಿ ಒಂದೇ. ಅಮಿಶರದ್ದು ಮನೆ ಪಕ್ಕದಲ್ಲೇ ಕೊಟ್ಟಿಗೆ, ಕುದುರೆ ಬೇಸಾಯ. ಹಟ್ಟರೈಟರದ್ದು ದೊಡ್ಡ ಯಂತ್ರದ ಫಾರಂ, ಮನೆಯಿಂದ ದೂರ. 2016ರಲ್ಲಿ ಬಂದ ಅಧ್ಯಯನದ ಪ್ರಕಾರ ಅಮಿಶ್ ಮಕ್ಕಳಲ್ಲಿ ನೂರಕ್ಕೆ ಸುಮಾರು 5, ಹಟ್ಟರೈಟ್ ಮಕ್ಕಳಲ್ಲಿ ಸುಮಾರು 21 ಜನಕ್ಕೆ ಅಸ್ತಮಾ. ಹುಟ್ಟಿದಾಗಿನಿಂದ ಕೊಟ್ಟಿಗೆ ಧೂಳು ಕುಡಿದ ಮೈಗೆ ಒಂದು ಕಾವಲು ಸಿಗಬಹುದು. ಆದರೆ ಅಸ್ತಮಾ ಬಂದಾಗಿರೋ ಮಗುವಿಗೆ ಅದೇ ಧೂಳು ಮುಳ್ಳು. ನಾನೂ ಕೊಟ್ಟಿಗೆ ಪಕ್ಕದಲ್ಲೇ ಹುಟ್ಟಿದೋನು, ನನಗೂ ಬಂತಲ್ಲ.

ಅದಕ್ಕೇ ನಾವು ನಾಲ್ಕೈದು ಮನೆಯೋರು ಕೂತು ಮಾತಾಡಿ ಕೆಲವು ಮಾಡ್ಕೊಂಡಿದ್ದೀವಿ. ಒಕ್ಕಣೆ ಮಿಷನ್ ಹೊಟ್ಟು ತೂರೋ ಬಾಯಿ ಮನೆ ಕಡೆಗೆ ಇರಕೂಡದು, ಗಾಳಿ ನೋಡಿ ತಿರುಗಿಸಬೇಕು. ಕಣಕ್ಕೆ ಹೋಗೋ ದಾರಿಗೆ ನೀರು ಚಿಮುಕಿಸಬೇಕು. ಗೂರಲಿರೋ ಮಕ್ಕಳು ಆ ದಿನ ಬೇರೆ ಮನೆಯಲ್ಲಿ. ಹಸಿ ಇರುವಾಗಲೇ ಒಟ್ಟಿ ಬೂಷ್ಟು ಹಿಡಿದ ಹುಲ್ಲನ್ನ ಮಕ್ಕಳ ಕೈಲಿ ಹಿರಿಸಬಾರದು. ತೋಟದ ಗರಿ, ಸೋಗೆ, ತರಗು ಸಂಜೆ ಹೊತ್ತು ಸುಡಬಾರದು. ಮಾಗಿಯಲ್ಲಿ ಹೊಗೆ ಮೇಲಕ್ಕೆ ಹೋಗದೆ ಮನೆಯೊಳಗೇ ಬರುತ್ತೆ. ಅದನ್ನ ಮರದ ಬುಡಕ್ಕೆ ಹೊದಿಸಿದ್ರೆ ಗೊಬ್ಬರವೂ ಆಯ್ತು. ಕಾಂಗ್ರೆಸ್ ಗಿಡ ಹೂ ಬಿಡೋ ಮುಂಚೆ, ನೆಲ ಹಸಿ ಇರುವಾಗ, ಬೇರು ಸಮೇತ ಕೀಳಬೇಕು, ಕೈಗೆ ಗ್ಲೌಸ್ ಹಾಕ್ಕೊಂಡು. ಮಗು ಮಲಗೋ ಕೋಣೆಯಲ್ಲಿ ಸೊಳ್ಳೆ ಬತ್ತಿ ಬೇಡ, ಪರದೆ ಕಟ್ಟಿ. ಬೀಡಿ ಸೇದೋರು ಜಗುಲಿ ಬಿಟ್ಟು ಆಚೆ.

ಇದರಲ್ಲಿ ಯಾವುದಕ್ಕೂ ದೊಡ್ಡ ಖರ್ಚಿಲ್ಲ. ಮಿಷನ್ ತಿರುಗಿಸೋಕೆ ಡ್ರೈವರ್‌ಗೆ ಹತ್ತು ನಿಮಿಷ ಜಾಸ್ತಿ ಬೇಕು ಅಷ್ಟೇ. ಈ ಸಲ ಒಬ್ಬ ಡ್ರೈವರ್ ಗೊಣಗಿದ, ಕಾಫಿ ಕೊಟ್ಟು ಒಪ್ಪಿಸಿದ್ವಿ.

ಟಿಪ್ಪಣಿ ಉದ್ದ ಆಯ್ತು. ನಿಮ್ಮ ಮನೆಯಲ್ಲಿ ಗೂರಲಿರೋ ಮಗು ಇದ್ರೆ ಇವತ್ತು ರಾತ್ರಿ ಅದು ನಿದ್ದೆ ಮಾಡುವಾಗ ಒಂದು ನಿಮಿಷ ಉಸಿರು ಎಣಿಸಿ, ತಾರೀಕು ಹಾಕಿ ಬರೆದಿಡಿ. ಹಾಲಿನ ಪುಸ್ತಕದ ಕೊನೇ ಹಾಳೆ ಆದ್ರೂ ಸಾಕು. ಮುಂದಿನ ವಾರ ರಾಗಿ ಲೆಕ್ಕದ ಜೊತೆ ಸಿಗ್ತೀನಿ.